ಒಗ್ಗರಣೆಗೆ ಮುಂಚೆ ನಾಯಿಯ ಪಾಲು ತೆಗೆದಿಡಿ

ನಮ್ಮ ನಾಯಿ ಕರಿಯಾನ ಉಚ್ಚೆ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ಅಂಗಳದ ಕಲ್ಲಿನ ಮೇಲೆ ಒಣಗಿದ ಮೇಲೂ ಕಲೆ ಉಳಿದಿತ್ತು. ಎರಡು ದಿನದಿಂದ ಅವನು ರೊಟ್ಟಿ ಮೂಸಿ ನೋಡಿ ಮುಖ ತಿರುಗಿಸುತ್ತಿದ್ದ. ನಮ್ಮತ್ತೆ ಉಪ್ಪು, ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ಯಾರದೋ ಕಣ್ಣ ಬಿದ್ದೈತಿ" ಅಂದರು.

ಯಾರ ಕಣ್ಣೂ ಬಿದ್ದಿರಲಿಲ್ಲ. ಹಿಂದಿನ ವಾರ ಮನೆಯಲ್ಲಿ ಕಾರ್ಯ ಇತ್ತು. ಪಾತೇಲಿ ತುಂಬ ಉಳ್ಳಾಗಡ್ಡಿ ಹಾಕಿದ ಕಡಲೆಹಿಟ್ಟಿನ ಝುಣಕ ಉಳಿದಿತ್ತು. ಚೆಲ್ಲುವುದು ಯಾಕೆ ಅಂತ ಮೂರು ದಿನ ರೊಟ್ಟಿ ಮುರಿದು, ಅದರಲ್ಲಿ ಕಲಸಿ ಅವನಿಗೆ ಹಾಕಿದ್ದೆವು. ಅವನೂ ಬಟ್ಟಲು ನೆಕ್ಕಿ ನೆಕ್ಕಿ ತಿಂದಿದ್ದ.

ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ. ಕರಿಯಾ ಉದ್ದ ಕಾಲಿನ, ಮುಧೋಳದ ರಕ್ತ ಅರ್ಧಂಬರ್ಧ ಇರುವ ನಾಯಿ. ಜೊತೆಗೆ ಮುನ್ನಿ ಅಂತ ಒಂದು ಬೆಕ್ಕು. ಆ ಝುಣಕದ ಪ್ರಕರಣ ಆದ ಮೇಲೆ ಪಶುವೈದ್ಯರನ್ನು ಕೇಳಿ ಕೇಳಿ, ಮನೆಯ ಪದ್ಧತಿಗಳನ್ನು ಒಂದೊಂದಾಗಿ ತಿದ್ದಿಕೊಂಡೆವು. ಪ್ರಾಣಿಯನ್ನು ಕಡೆಗಣಿಸಿ ಕೆಡಿಸುವವರು ಇದ್ದಾರೆ, ನಿಜ. ಆದರೆ ನಮ್ಮ ಕಡೆ ಪ್ರೀತಿ ಮಾಡಿ ಕೆಡಿಸುವವರೇ ಜಾಸ್ತಿ. ನಮಗೆ ಹಿಡಿಸಿದ ಊಟ, ನಮಗೆ ವಾಸಿ ಮಾಡಿದ ಮನೆಮದ್ದು ಅವಕ್ಕೂ ಆಗುತ್ತೆ ಅಂದುಕೊಂಡುಬಿಡುತ್ತೇವೆ.

ಮೊದಲು ಅಡುಗೆಮನೆ ನೋಡಿ

ಉಳ್ಳಾಗಡ್ಡಿ, ಬಳ್ಳೊಳ್ಳಿ ಇವೆರಡನ್ನೂ ನಾಯಿ, ಬೆಕ್ಕಿನ ಬಟ್ಟಲಿನಿಂದ ಪೂರ್ತಿ ತೆಗೆಯಿರಿ. ಇವುಗಳಲ್ಲಿರುವ ಗಂಧಕದ ಅಂಶ ನಾಯಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ನಮ್ಮ ರಕ್ತ ತಡೆದುಕೊಳ್ಳುತ್ತದೆ, ಅವುಗಳ ರಕ್ತ ತಡೆಯುವುದಿಲ್ಲ. ಒಡೆದ ಕಣಗಳ ಬಣ್ಣವೇ ಉಚ್ಚೆಯಲ್ಲಿ ಇಳಿದು ಬರುವುದು. ನಾಯಿಯ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ಹೊಟ್ಟೆಗೆ ಹೋದರೆ ರಕ್ತದಲ್ಲಿ ತೊಂದರೆ ಕಾಣಿಸುತ್ತದೆ. ಬೆಕ್ಕಿಗಂತೂ ಕಿಲೋಗೆ 5 ಗ್ರಾಂ ಸಾಕು. ಅಂದರೆ ನಾಲ್ಕು ಕಿಲೋ ಬೆಕ್ಕಿಗೆ 20 ಗ್ರಾಂ. ಅದು ಒಂದು ಸಣ್ಣ ಗಡ್ಡೆಯೂ ಆಗುವುದಿಲ್ಲ.

ಇದರಲ್ಲಿ ಮೂರು ಮೋಸ ಇವೆ. ಬೇಯಿಸಿದರೆ, ಹುರಿದರೆ ವಿಷ ಹೋಗುತ್ತೆ ಅನ್ನುವುದು ಸುಳ್ಳು. ಹೋಗುವುದಿಲ್ಲ. ಒಣಗಿಸಿ ಪುಡಿ ಮಾಡಿದರೆ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಮಸಾಲೆ ಪುಡಿ, ಪೊಟ್ಟಣದ ಸೂಪ್ ಪುಡಿ ಎರಡೂ ಬೇಡ. ಮೂರನೆಯದೇ ನಮ್ಮನ್ನು ಹಿಡಿದದ್ದು. ತಿಂದ ದಿನ ಏನೂ ಆಗುವುದಿಲ್ಲ. ಲಕ್ಷಣ ಕಾಣಿಸುವುದು ಕೆಲವು ದಿನ ಬಿಟ್ಟು. ಆಗ ಯಾರಿಗೆ ಝುಣಕದ ನೆನಪಿರುತ್ತೆ? ದೃಷ್ಟಿ ತೆಗೆಯುತ್ತಾ ಕೂರುತ್ತೇವೆ.

ನಮ್ಮ ಊಟದಲ್ಲಿ ಇವೆರಡು ಎಲ್ಲೆಲ್ಲಿ ಅಡಗಿವೆ ಅಂತ ಒಮ್ಮೆ ಲೆಕ್ಕ ಹಾಕಿ. ಎಣ್ಣೆಗಾಯಿ, ಝುಣಕ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಒಗ್ಗರಣೆ ಹಾಕಿದ ಅನ್ನ, ಮಟನ್ ಸಾರು. ನಾಯಿಗೆ ಮೆತ್ತಗಾಗಲಿ ಅಂತ ರೊಟ್ಟಿಯ ಮೇಲೆ ಸುರಿಯುವ ಸಾರಿನಲ್ಲೇ ಬಳ್ಳೊಳ್ಳಿ ಇರುತ್ತದೆ. ಅದಕ್ಕೇ ನಾನು ಹೇಳುವ ನಿಯಮ ಒಂದೇ. ಒಗ್ಗರಣೆಗೆ ಮುಂಚೆ ಅದರ ಪಾಲು ತೆಗೆದಿಡಿ. ಬೇಳೆ ಬೆಂದಾಗ ಒಂದು ಸೌಟು, ಅನ್ನ ಆದಾಗ ಒಂದು ಹಿಡಿ, ಕೋಳಿ ಬರೀ ನೀರಲ್ಲಿ ಕುದ್ದಾಗ ಎರಡು ತುಂಡು. ಖಾರ ಬಿದ್ದ ಮೇಲೆ ಬೇರೆ ಮಾಡಲು ಬರುವುದಿಲ್ಲ. ಉಳ್ಳಾಗಡ್ಡಿ ಆರಿಸಿ ತೆಗೆದು ಹಾಕಿದರೂ ಅದರ ರಸ ಬೇಳೆಯಲ್ಲೇ ಉಳಿದಿರುತ್ತದೆ.

ಎರಡನೆಯದು ದ್ರಾಕ್ಷಿ. ಇದು ನಮ್ಮ ನಾಡಿನ ಬೆಳೆ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ಹೋದರೆ ದ್ರಾಕ್ಷಿ ಪಡಕುಗಳು, ಒಣದ್ರಾಕ್ಷಿ ಮಾಡುವ ಶೆಡ್‌ಗಳು ಸಾಲಾಗಿ ಸಿಗುತ್ತವೆ. ಬೀಗರು ಬಂದರೆ ಕಿಲೋಗಟ್ಟಲೆ ಒಣದ್ರಾಕ್ಷಿ ತರುತ್ತಾರೆ. ಮಕ್ಕಳು ತಾವೊಂದು ತಿಂದು ನಾಯಿಗೊಂದು ಎಸೆಯುತ್ತವೆ. ನಾಯಿಯ ಮೂತ್ರಪಿಂಡ ದ್ರಾಕ್ಷಿಯಿಂದ ಕೆಡಬಹುದು. ಒಂದು ನಾಯಿ ಬೊಗಸೆ ತಿಂದರೂ ಏನೂ ಆಗದೆ ಇರಬಹುದು, ಇನ್ನೊಂದು ನಾಲ್ಕು ತಿಂದು ಮಲಗಿಬಿಡಬಹುದು. ಇಷ್ಟು ಕೊಟ್ಟರೆ ಸರಿ ಅನ್ನುವ ಅಳತೆಯೇ ಇಲ್ಲ. ಮೊದಲ ದಿನ ವಾಂತಿ, ಆಮೇಲೆ ಮಂಕು, ಎರಡು ಮೂರು ದಿನದಲ್ಲಿ ಉಚ್ಚೆ ನಿಲ್ಲುವುದು. ಗೋಕಾಕ, ಅಮೀನಗಡದ ಕರದಂಟಿಗೂ ಕೆಲವರು ಒಣದ್ರಾಕ್ಷಿ ಹಾಕುತ್ತಾರೆ. ಪ್ರೀತಿಯಿಂದ ಕೊಡುವ ಆ ತುಂಡು ಬೇಡ.

2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬೇಕು ಅಂದರು. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ತುಂಬಾ ಇದೆ. ಹುಣಸೆ ತಿಂದ ನಾಯಿಗಳಲ್ಲೂ ಮೂತ್ರಪಿಂಡ ಕೆಟ್ಟ ವರದಿ ಬಂದಿದೆ. ನಮ್ಮಲ್ಲಿ ನಾಯಿ ಏನಾದರೂ ತಿಂದರೆ ವಾಂತಿ ಆಗಲಿ ಅಂತ ಹುಣಸೆ ನೀರು ಕುಡಿಸುವ ಪದ್ಧತಿ ಇದೆ. ಒಂದು ವಿಷ ತೆಗೆಯಲು ಹೋಗಿ ಇನ್ನೊಂದನ್ನು ಹೊಯ್ದಂತೆ. ಬಿಟ್ಟುಬಿಡಿ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಚಾಕೊಲೇಟ್ ಬೇಡ. ಅದು ಕಪ್ಪಾದಷ್ಟೂ ಅಪಾಯ ಜಾಸ್ತಿ, 10 ಕಿಲೋ ನಾಯಿಗೆ ಸುಮಾರು 40 ಗ್ರಾಂ ಕಡು ಚಾಕೊಲೇಟ್ ಸಾಕು ತೊಂದರೆ ಶುರುವಾಗಲು. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಝೈಲಿಟಾಲ್ ಅನ್ನುವ ಸಿಹಿ ಇದ್ದರೆ ಅದು ನಾಯಿಯ ರಕ್ತದ ಸಕ್ಕರೆಯನ್ನು ಒಂದು ತಾಸಿನೊಳಗೆ ಪಾತಾಳಕ್ಕೆ ಇಳಿಸುತ್ತದೆ. ಬೂಸ್ಟು ಹಿಡಿದ ಶೇಂಗಾ, ಗೋವಿನಜೋಳ, ಹಳಸಿದ ರೊಟ್ಟಿ "ನಾಯಿಗಾದರೂ ಆಗುತ್ತೆ" ಅಂತ ಹಾಕುತ್ತಾರೆ. ಆ ಬೂಸ್ಟಿನ ವಿಷ ಯಕೃತ್ತನ್ನು ತಿನ್ನುತ್ತದೆ. ನಮಗೆ ಆಗದ್ದು ನಾಯಿಗೂ ಆಗುವುದಿಲ್ಲ. ಬೇಯಿಸಿದ ಕೋಳಿ ಮೂಳೆ ಸೂಜಿಯಂತೆ ಸೀಳುತ್ತದೆ, ಅದೂ ಬೇಡ. ಬೆಳಗಾವಿ ಕುಂದಾದಲ್ಲಿ ವಿಷ ಇಲ್ಲ. ಆದರೆ ಹಾಲು, ಸಕ್ಕರೆ, ತುಪ್ಪದ ಮುದ್ದೆ ಒಮ್ಮೆಲೇ ಹೊಟ್ಟೆಗೆ ಬಿದ್ದರೆ ನಾಯಿ ಎರಡು ದಿನ ವಾಂತಿ ಮಾಡುತ್ತೆ. ಜೊತೆಗೆ ಕುಂದಾ ನಾಯಿಗೆ ಹಾಕುವಷ್ಟು ಅಗ್ಗವೂ ಇಲ್ಲ ಬಿಡಿ.

ಹಾಗಾದರೆ ಬಟ್ಟಲಿಗೆ ಏನು?

ಜೋಳದ ರೊಟ್ಟಿ ಚೆನ್ನಾಗಿ ನಡೆಯುತ್ತದೆ. ಆದರೆ ಬರೀ ರೊಟ್ಟಿಯಿಂದ ನಾಯಿ ಬದುಕುತ್ತೆ, ಬೆಳೆಯುವುದಿಲ್ಲ. ಅದರ ಜೊತೆ ಬೇಯಿಸಿದ ಮೊಟ್ಟೆ, ಖಾರ ಹಾಕದ ಕೋಳಿ, ಇಲ್ಲವೇ ಬೆಂದ ಬೇಳೆ ಸೇರಿಸಿ. ಮೊಸರು ಒಳ್ಳೆಯದು. ಹಾಲು ಕೆಲವಕ್ಕೆ ಹೊಟ್ಟೆ ಕೆಡಿಸುತ್ತದೆ, ಮೊಸರು ಅಷ್ಟು ಕೆಡಿಸುವುದಿಲ್ಲ. ಗಜ್ಜರಿ, ಬೇಯಿಸಿದ ಕುಂಬಳಕಾಯಿ, ಸವತಿಕಾಯಿ, ಬೀಜ ತೆಗೆದ ಕಲ್ಲಂಗಡಿ ಬಾಯಾಡಿಸಲು ಸಾಕು. ಉಪ್ಪು ಖಾರ ಇಲ್ಲದ ಹುರಿದ ಶೇಂಗಾ ನಾಲ್ಕು ಕೊಟ್ಟರೆ ಏನೂ ಆಗುವುದಿಲ್ಲ.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ಅದರ ಪಕ್ಕೆಲುಬು ಕಾಣುವುದು ಸಹಜ. ಬೇಟೆಗೆ ಓಡುವ ನಾಯಿ ಅದು, ಮೈಯಲ್ಲಿ ಕೊಬ್ಬು ಕಡಿಮೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಾಗಲೂ ಹಾಗೇ ತೆಳ್ಳಗೇ ಇತ್ತು. "ಪಾಪ, ಸೊರಗೈತಿ" ಅಂತ ದಿನಾ ತುಪ್ಪ ಸುರಿಯಬೇಡಿ. ಅನುಮಾನ ಇದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಹೋಗಿ ಒಮ್ಮೆ ಆ ನಾಯಿಗಳ ಮೈಕಟ್ಟು ನೋಡಿ ಬನ್ನಿ.

ಬೆಕ್ಕಿನ ಲೆಕ್ಕ ಬೇರೆ. ಹಾಲು ರೊಟ್ಟಿ ಹಾಕಿ ಬೆಕ್ಕು ಸಾಕಿದೆವು ಅನ್ನುತ್ತಾರೆ. ಅದು ಬದುಕಿದ್ದು ಹಾಲಿನಿಂದಲ್ಲ, ಕದ್ದು ತಿಂದ ಇಲಿಯಿಂದ. ಬೆಕ್ಕಿಗೆ ಮಾಂಸ ಬೇಕೇ ಬೇಕು. ಮಾಂಸದಲ್ಲಿ ಸಿಗುವ ಟೌರಿನ್ ಅನ್ನುವ ಪೋಷಕಾಂಶ ಇಲ್ಲದಿದ್ದರೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ. ಸಸ್ಯಾಹಾರಿ ಮನೆಯಾದರೆ ಬೆಕ್ಕಿನ ಸಿದ್ಧ ಆಹಾರ ತನ್ನಿ. ಬೆಕ್ಕಿಗೆ ವ್ರತ ಹಿಡಿಸಲು ಹೋಗಬೇಡಿ.

ಹೊಟ್ಟೆ ಕೆಟ್ಟಾಗ

ಮನೆಮದ್ದು ನಿಜವಾಗಿ ಕೆಲಸ ಮಾಡುವುದು ಇಲ್ಲಿ. ದೊಡ್ಡ ನಾಯಿ, ಲವಲವಿಕೆಯಿಂದ ಇದೆ, ನೀರು ಕುಡಿಯುತ್ತಿದೆ, ಭೇದಿ ಮಾತ್ರ ಆಗುತ್ತಿದೆ ಅಂದರೆ ಒಂದು ಹೊತ್ತಿನ ಊಟ ಬಿಡಿಸಿ. ನೀರು ಬಿಡಿಸಬೇಡಿ. ಆಮೇಲೆ ಮೆತ್ತಗೆ ಬೆಂದ ಅನ್ನಕ್ಕೆ ಸ್ವಲ್ಪ ಮೊಸರು ಕಲಸಿ, ಉಪ್ಪು ಒಗ್ಗರಣೆ ಇಲ್ಲದೆ, ಸ್ವಲ್ಪ ಸ್ವಲ್ಪ ಮೂರು ನಾಲ್ಕು ಸಲ ಕೊಡಿ. ಬೇಯಿಸಿ ಹಿಸುಕಿದ ಕುಂಬಳಕಾಯಿ ಒಂದೆರಡು ಚಮಚ ಸೇರಿಸಿ. ಅದರ ನಾರು ಭೇದಿಗೂ ಆಗುತ್ತೆ, ಮಲಬದ್ಧತೆಗೂ ಆಗುತ್ತೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ.

ಹೊಟ್ಟೆ ತೊಳೆಯಲಿ ಅಂತ ಔಡಲೆಣ್ಣೆ ಹೊಯ್ಯಬೇಡಿ. ಭೇದಿಯಾಗಿ ನೀರು ಕಳೆದುಕೊಂಡ ಮರಿಗೆ ಇನ್ನಷ್ಟು ಭೇದಿ ಮಾಡಿಸಿದಂತೆ ಆಗುತ್ತದೆ.

ಮರಿಯ ವಿಷಯದಲ್ಲಿ ಮನೆಮದ್ದಿಗೆ ಒಂದು ದಿನವನ್ನೂ ಕೊಡಬೇಡಿ. ಲಸಿಕೆ ಆಗದ ಮರಿ, ವಾಂತಿ, ರಕ್ತ ಮಿಶ್ರಿತ ನಾರುವ ಭೇದಿ, ಮೂಲೆ ಹಿಡಿದು ಕೂತಿದೆ ಅಂದರೆ ಅದು ಪಾರ್ವೋ ಅನ್ನುವ ವೈರಸ್ ರೋಗ ಇರಬಹುದು. ಮೊಸರನ್ನ, ದಾಳಿಂಬೆ ಸಿಪ್ಪೆ ಕಷಾಯ ಅಂತ ಎರಡು ದಿನ ಕಳೆದರೆ ಮರಿ ಕೈಗೆ ಸಿಗುವುದಿಲ್ಲ. ಅದಕ್ಕೆ ಬೇಕಿರುವುದು ಸಲೈನ್. ಲಸಿಕೆಯನ್ನು 6ರಿಂದ 8 ವಾರಕ್ಕೆ ಶುರು ಮಾಡಿ, ಸುಮಾರು 16 ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. ಒಂದು ಸಲ ಹಾಕಿಸಿ "ಆಯ್ತು" ಅನ್ನುವವರ ಮರಿಗಳೇ ಹೆಚ್ಚು ಸಾಯುವುದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ.

ಗಾಯಕ್ಕೆ ಅರಿಷಿಣ ಹಚ್ಚುವ ಮುಂಚೆ

ಮೊದಲು ನಿಮ್ಮ ಕೈ ಉಳಿಸಿಕೊಳ್ಳಿ. ಎಷ್ಟೇ ಪ್ರೀತಿಯ ನಾಯಿ ಆದರೂ ನೋವಿನಲ್ಲಿ ಕಚ್ಚುತ್ತದೆ. ಹಳೆ ಓಢಣಿ ಅಥವಾ ಬಟ್ಟೆ ಪಟ್ಟಿಯಿಂದ ಮೂತಿಗೆ ಎರಡು ಸುತ್ತು ಹಾಕಿ, ಕಿವಿಯ ಹಿಂದೆ ಕಟ್ಟಿ. ಮೂಗು ಮುಚ್ಚಬಾರದು. ವಾಂತಿ ಮಾಡುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ ಕಟ್ಟಲೇಬಾರದು.

ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ. ನಡುವೆ ಎತ್ತಿ ಎತ್ತಿ ನೋಡಬೇಡಿ. ರಕ್ತ ನಿಂತ ಮೇಲೆ ಸುತ್ತಲಿನ ಕೂದಲು ಕತ್ತರಿಸಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಅಂದರೆ ಸಣ್ಣ ಚಮಚದಲ್ಲಿ ಒಂದೂವರೆ. ಅದನ್ನು ಸೂಜಿ ಇಲ್ಲದ ಸಿರಿಂಜಿನಿಂದ ಗಾಯದ ಒಳಗೆ ಚಿಮ್ಮಿಸಿ ತೊಳೆಯಿರಿ. ಮಣ್ಣು, ಕಸ ಹೋಗುವವರೆಗೆ ತೊಳೆಯುವುದೇ ಮುಖ್ಯ ಚಿಕಿತ್ಸೆ. ಬೇಕಾದರೆ ಪೋವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿ.

ಇನ್ನು ಅರಿಷಿಣ. ಅದಕ್ಕೆ ಸೋಂಕು ತಡೆಯುವ ಗುಣ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಡುಗೆಯ ಅರಿಷಿಣ ಪುಡಿ ಶುದ್ಧವಾದ ಔಷಧ ಅಲ್ಲ. ತೊಳೆಯದ ಗಾಯದ ಮೇಲೆ ಹಿಡಿಗಟ್ಟಲೆ ಮೆತ್ತಿದರೆ ಮೇಲೆ ಹೊಪ್ಪಳೆ ಕಟ್ಟಿ ಒಳಗೆ ಕೀವು ತುಂಬುತ್ತದೆ. ಹೊರಗಿನಿಂದ ನೋಡಿದರೆ ಚಂದ ಒಣಗಿದೆ ಅನ್ನಿಸುತ್ತೆ. ಮೇಲ್ಮೈ ತರಚು ಗಾಯ, ಚೆನ್ನಾಗಿ ತೊಳೆದಾಗಿದೆ, ಅಷ್ಟಾದರೆ ಹಚ್ಚಿ. ಆಳವಾದ ಗಾಯಕ್ಕೆ, ಇನ್ನೊಂದು ನಾಯಿ ಕಚ್ಚಿದ ತೂತಿಗೆ ಬೇಡ. ಹಲ್ಲಿನ ತೂತು ಹೊರಗೆ ಕಡಲೆಕಾಳಿನಷ್ಟು ಕಂಡರೂ ಒಳಗೆ ದೊಡ್ಡದಾಗಿ ಹರಿದಿರುತ್ತದೆ.

ಮಳೆಗಾಲದಲ್ಲಿ ಗಾಯಕ್ಕೆ ಹುಳ ಬೀಳುತ್ತದೆ. ಆಗ ಜನ ಏನೇನು ಹಾಕುತ್ತಾರೆ ಅಂತ ಕೇಳಬೇಡಿ. ಸೀಮೆಎಣ್ಣೆ, ಫಿನೈಲ್, ಡಾಂಬರು ಗುಳಿಗೆಯ ಪುಡಿ, ಸೀತಾಫಲದ ಬೀಜದ ಪುಡಿ. ಹುಳ ಸಾಯುತ್ತೆ ನಿಜ. ಜೊತೆಗೆ ಗಾಯದ ಜೀವಂತ ಮಾಂಸವೂ ಸುಡುತ್ತೆ. ಡಾಂಬರು ಗುಳಿಗೆ ಕೂಡ ಉಳ್ಳಾಗಡ್ಡಿಯಂತೆ ಕೆಂಪು ಕಣ ಒಡೆಯುತ್ತದೆ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಫಿನೈಲ್ ಬೆಕ್ಕಿಗೆ ನೇರ ವಿಷ, ಮೈ ನೆಕ್ಕಿಕೊಂಡರೆ ಮುಗಿಯಿತು. ಹುಳ ಬಿದ್ದ ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು, ಕಾಣುವ ಹುಳವನ್ನು ಚಿಮಟದಿಂದ ತೆಗೆದು, ಸಡಿಲವಾಗಿ ಬಟ್ಟೆ ಮುಚ್ಚಿ ದವಾಖಾನೆಗೆ ಒಯ್ಯಿರಿ. ಒಳಗಿನ ಹುಳಕ್ಕೆ ಅವರು ಕೊಡುವ ಔಷಧವೇ ಬೇಕು.

ಮಾತು ಬಂತು ಅಂತ ಹೇಳುತ್ತೇನೆ. ನಾಯಿ ಮನುಷ್ಯನಿಗೆ ಕಚ್ಚಿದರೆ ಖಾರದ ಪುಡಿ, ಸುಣ್ಣ ಮೆತ್ತುವವರು ಇನ್ನೂ ಇದ್ದಾರೆ. ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಅದೇ ದಿನ ರೇಬೀಸ್ ಲಸಿಕೆ ಶುರು ಮಾಡಿ. ಸಾಕಿದ ನಾಯಿ ಆದರೂ ಸುಮ್ನೆ ಕೂರಬೇಡಿ.

ಉಣ್ಣಿ, ಮತ್ತು ತಂಬಾಕಿನ ನೀರು

ನಿಪ್ಪಾಣಿ ನಮ್ಮ ಬೆಳಗಾವಿ ಜಿಲ್ಲೆಯದೇ. ತಂಬಾಕಿಗೆ ಹೆಸರಾದ ಊರು. ತಂಬಾಕು ಅಷ್ಟು ಸುಲಭವಾಗಿ ಸಿಗುವುದರಿಂದಲೋ ಏನೋ, ಅದನ್ನು ನೆನೆಸಿದ ನೀರನ್ನು ನಾಯಿಯ ಮೈಗೆ ಹಚ್ಚಿ ಉಣ್ಣಿ ಓಡಿಸುವ ಪದ್ಧತಿ ನಮ್ಮ ಕಡೆ ಇದೆ. ಉಣ್ಣಿ ಉದುರುತ್ತದೆ. ನಿಕೋಟಿನ್ ಚರ್ಮದೊಳಗೂ ಇಳಿಯುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಜೊಲ್ಲು, ವಾಂತಿ, ನಡುಕ ಬಂದು ಸಣ್ಣ ನಾಯಿ ಸತ್ತೇ ಹೋಗಬಹುದು. ಕಜ್ಜಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುವುದೂ ಇದೇ ಜಾತಿಯದು. ಉಣ್ಣಿ ಹತ್ತದಿರಲಿ ಅಂತ ಬಳ್ಳೊಳ್ಳಿ ತಿನ್ನಿಸಿ ಅನ್ನುವ ಮೊಬೈಲ್ ವಿಡಿಯೋಗಳಂತೂ ದಂಡಿಯಾಗಿವೆ. ಬಳ್ಳೊಳ್ಳಿಯ ಕಥೆ ಮೇಲೆ ಹೇಳಿಯಾಗಿದೆ.

ಹೀಗೆ ಮಾಡಿ. ಸಂಜೆ ನಾಯಿಯನ್ನು ಮಗ್ಗುಲಿಗೆ ಮಲಗಿಸಿಕೊಂಡು ಕಿವಿಯ ಒಳಗೆ, ಕತ್ತಿನ ಪಟ್ಟಿಯ ಕೆಳಗೆ, ಬೆರಳುಗಳ ಸಂದಿಯಲ್ಲಿ ಹುಡುಕಿ. ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಿರಿ. ತಿರುಚಬೇಡಿ, ಕಡ್ಡಿ ಗೀರಿ ಸುಡಬೇಡಿ. ಉಗುರಲ್ಲಿ ಕುಕ್ಕುವ ಚಟ ಬಿಡಿ, ಸಾಬೂನು ನೀರಿನ ಡಬ್ಬಿಗೆ ಹಾಕಿ. ಬೇವಿನ ಎಲೆ ಕುದಿಸಿ ಆರಿಸಿದ ನೀರನ್ನು ಸ್ನಾನದ ಕೊನೆಗೆ ಹಾಕಿದರೆ ತುರಿಕೆ ಸ್ವಲ್ಪ ತಣ್ಣಗಾಗುತ್ತದೆ, ಆದರೆ ಅದರಿಂದ ಉಣ್ಣಿ ಸಾಯುತ್ತೆ ಅಂತ ನಂಬಬೇಡಿ. ಬೇವಿನೆಣ್ಣೆಯನ್ನು ಹಾಗೇ ಸುರಿಯುವುದೂ ಬೇಡ, ಬೆಕ್ಕಿಗಂತೂ ಬೇಡವೇ ಬೇಡ.

ನಮ್ಮ ಕಡೆಯ ಕಲ್ಲಿನ ಮನೆಗಳಲ್ಲಿ ಉಣ್ಣಿ ಹೋಗದಿರುವುದಕ್ಕೆ ಗೋಡೆ ಕಾರಣ. ಹೊಟ್ಟೆ ತುಂಬಿದ ಹೆಣ್ಣು ಉಣ್ಣಿ ನಾಯಿಯಿಂದ ಇಳಿದು ಕಲ್ಲಿನ ಸಂದಿಗೆ ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ನೀವು ನಾಯಿಯನ್ನು ಎಷ್ಟು ತೊಳೆದರೂ ಗೋಡೆ ಮತ್ತೆ ಮತ್ತೆ ಮರಿ ಕಳಿಸುತ್ತದೆ. ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ನಾಯಿ ಮಲಗುವ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿಯುವ ನೀರಲ್ಲಿ ಅದ್ದಿ. ನಾಯಿಗೆ ವೈದ್ಯರು ತೂಕ ನೋಡಿ ಕೊಡುವ ಗುಳಿಗೆ ಅಥವಾ ಬೆನ್ನಿಗೆ ಬಿಡುವ ಹನಿ ಹಾಕಿಸಿ. ಒಂದು ಎಚ್ಚರ: ನಾಯಿಯ ಹನಿಯಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಅದು ಬೆಕ್ಕನ್ನು ಕೊಲ್ಲುತ್ತದೆ. "ಉಳಿದದ್ದು ಬೆಕ್ಕಿಗೆ ಹಾಕೋಣ" ಅನ್ನಬೇಡಿ.

ಉಣ್ಣಿ ಇದ್ದ ನಾಯಿಗೆ ಜ್ವರ ಬಂದು, ಮೂಗಿನಿಂದ ರಕ್ತ ಬಂದರೆ, ಇಲ್ಲವೇ ವಸಡು ಬಿಳಿಚಿಕೊಂಡರೆ ಅದು ಉಣ್ಣಿ ಜ್ವರ ಇರಬಹುದು. ವಸಡು ನೋಡುವುದನ್ನು ಎಲ್ಲರೂ ಕಲಿಯಬೇಕು. ತುಟಿ ಎತ್ತಿ ವಸಡನ್ನು ಬೆರಳಿಂದ ಒತ್ತಿ ಬಿಡಿ. ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಕೆಲವು ನಾಯಿಗಳ ವಸಡೇ ಕಪ್ಪು. ಆಗ ಕೆಳಗಣ್ಣಿನ ರೆಪ್ಪೆ ಎಳೆದು ಒಳಬಣ್ಣ ನೋಡಿ. ಆರೋಗ್ಯ ಇರುವಾಗಲೇ ಒಮ್ಮೆ ನೋಡಿಟ್ಟುಕೊಳ್ಳಿ, ಇಲ್ಲದಿದ್ದರೆ ಕೆಟ್ಟಾಗ ಹೋಲಿಸಲು ಏನೂ ಇರುವುದಿಲ್ಲ.

ಬಿಸಿಲು, ಬಣ್ಣ

ವಿಜಯಪುರದ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲು ಬಡಿಯದಿರಲಿ ಅಂತ ನಾವು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುತ್ತೇವೆ. ಅದು ಕಿಸೆಯಲ್ಲೇ ಇರಲಿ, ನಾಯಿಗೆ ಅದರ ರಸ ಕುಡಿಸಬೇಡಿ. ನಾಯಿಯ ಸಹಜ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 105 ದಾಟಿ, ನಾಯಿ ನಾಲಗೆ ಚಾಚಿ ಜೋರಾಗಿ ಏದುತ್ತಾ ಓಲಾಡಿದರೆ ನೆರಳಿಗೆ ತಂದು, ನಲ್ಲಿಯ ನೀರನ್ನು ಮೈಮೇಲೆಲ್ಲಾ ಸುರಿದು ಫ್ಯಾನ್ ಹಾಕಿ. ಒದ್ದೆ ಚೀಲ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿಯುತ್ತದೆ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ. ಮೈ ತಣಿಸಿಕೊಂಡೇ ದವಾಖಾನೆಗೆ ಹೊರಡಿ.

ಬಾಗಲಕೋಟೆ ಹೋಳಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಹಲಗಿ ಸದ್ದಿಗೇ ಮುನ್ನಿ ಮಂಚದ ಕೆಳಗೆ ಸೇರುತ್ತಾಳೆ. ಯಾರೋ ನಾಯಿಗೆ ಬಣ್ಣ ಎರಚಿದರೆ ಸೀಮೆಎಣ್ಣೆಯಿಂದ ಒರೆಸಬೇಡಿ. ಒಣ ಬಣ್ಣವನ್ನು ಮೊದಲು ಬ್ರಶ್ಶಿನಿಂದ ಉದುರಿಸಿ. ಹಿಡಿದ ಬಣ್ಣಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಆಮೇಲೆ ನಾಯಿಯ ಶಾಂಪೂ ಹಾಕಿ ತೊಳೆಯಿರಿ. ಪೂರ್ತಿ ಹೋಗದಿದ್ದರೂ ಪರವಾಗಿಲ್ಲ. ನಮ್ಮ ಓಣಿಯಲ್ಲಿ ಯುಗಾದಿವರೆಗೂ ಗುಲಾಬಿ ನಾಯಿಗಳು ಓಡಾಡುತ್ತವೆ.

ಮನೆಯ ಗುಳಿಗೆ ಡಬ್ಬಿ

ಇದು ಆಹಾರವೂ ಅಲ್ಲ, ಮನೆಮದ್ದೂ ಅಲ್ಲ. ಆದರೂ ಹೇಳಲೇಬೇಕು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. 500 ಮಿಲಿಗ್ರಾಂನ ಒಂದೇ ಒಂದು ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂತಹ ನೋವಿನ ಗುಳಿಗೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ನೆಗಡಿಗೆ ಹಚ್ಚುವ ಬಾಮ್, ಕರ್ಪೂರ, ನೀಲಗಿರಿ ಎಣ್ಣೆ ಕೂಡ ಬೆಕ್ಕಿನ ಹತ್ತಿರ ತರಬೇಡಿ.

ಏನಾದರೂ ತಿಂದಿದೆ ಅನ್ನಿಸಿದರೆ

ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು, ನಾಯಿಯ ತೂಕ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇಲಿ ಪಾಷಾಣ, ಬೆಳೆಗೆ ಹೊಡೆಯುವ ಔಷಧ ಆದರೆ ಪೊಟ್ಟಣವನ್ನೇ ಜೊತೆಗೆ ಒಯ್ಯಿರಿ. ಇಲಿ ಪಾಷಾಣದಲ್ಲೇ ಬೇರೆ ಬೇರೆ ಜಾತಿ ಇವೆ, ಒಂದಕ್ಕೆ ಕೆ1 ಜೀವಸತ್ವ ಮದ್ದು, ಇನ್ನೊಂದಕ್ಕೆ ಮದ್ದೇ ಇಲ್ಲ. ವಾಂತಿ ಮಾಡಿದ್ದರೆ ಅದನ್ನೂ ಸ್ವಲ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಿ. ಹೇಸಿಗೆ ಅನ್ನಬೇಡಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೇ ಮಿದುಳಿಗೆ ಹೊಡೆಯುತ್ತದೆ. ಹಾಲು ತುಪ್ಪ ಹೊಯ್ಯಬೇಡಿ. ಕೆಲವು ವಿಷಗಳು ಜಿಡ್ಡಿನ ಜೊತೆ ಬೇಗ ಮೈಗೆ ಹತ್ತುತ್ತವೆ. ಬಾಯಿ ಬಿಡಿಸಿ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ರೋಗ. ಸೀಮೆಎಣ್ಣೆ, ಫಿನೈಲ್, ಆ್ಯಸಿಡ್ ಕುಡಿದಿದ್ದರೆ ಯಾವ ಕಾರಣಕ್ಕೂ ವಾಂತಿ ಬೇಡ. ವಾಂತಿ ಮಾಡಿಸಬೇಕೋ ಬೇಡವೋ ಅಂತ ವೈದ್ಯರೇ ಹೇಳಲಿ.

ತಾಲ್ಲೂಕಿನ ದನದ ದವಾಖಾನೆಯಲ್ಲಿ ನಾಯಿ ಬೆಕ್ಕನ್ನೂ ನೋಡುತ್ತಾರೆ. ಅಲ್ಲಿಯ ವೈದ್ಯರ ಫೋನ್ ನಂಬರನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಪಶು ಸಂಜೀವಿನಿಯ 1962 ನಂಬರಿಗೂ ಫೋನ್ ಮಾಡಿ ಕೇಳಬಹುದು. ದನಕರುಗಳಿಗಾಗಿಯೇ ಹೆಚ್ಚು ಓಡಾಡುವ ಗಾಡಿ ಅದು, ಆದರೂ ಕೇಳುವುದರಲ್ಲಿ ತಪ್ಪಿಲ್ಲ.

ಕೊನೆಯದು, ಕೊಟ್ಟಿದ್ದನ್ನು ಮುಚ್ಚಿಡಬೇಡಿ. ಕರಿಯಾನನ್ನು ಒಯ್ದ ದಿನ ಡಾಕ್ಟರು "ಏನು ಹಾಕಿದ್ದಿರಿ?" ಅಂತ ಕೇಳಿದರು. "ಬರೀ ರೊಟ್ಟಿ ಹಾಲು ರೀ ಸರ್" ಅಂದರು ನಮ್ಮತ್ತೆ. ಬೈಸಿಕೊಳ್ಳುವ ಅಂಜಿಕೆ. ನಾನೂ ಸುಮ್ಮನೆ ನಿಂತೆ. ಉಣ್ಣಿ ಜ್ವರ ಇರಬಹುದು ಅಂತ ಅವರು ಅದಕ್ಕೇ ಔಷಧ ಶುರು ಮಾಡಿದರು. ಎರಡು ದಿನ ಹೋಯಿತು, ವಸಡು ಇನ್ನೂ ಬಿಳಿಚಿತು. ಮೂರನೇ ದಿನ ಅವರು ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ನೋಡಿದರು. ತಲೆ ಎತ್ತಿ, "ಅವ್ವಾರ, ಉಳ್ಳಾಗಡ್ಡಿ ಏನರ ತಿಂದಿತ್ತೇನ್ರಿ?" ಅಂದರು. ನಮ್ಮತ್ತೆ ಸೆರಗಿನ ತುದಿ ಹಿಡಿದು ನೆಲ ನೋಡುತ್ತಾ ಹೇಳಿದರು: "ಝುಣಕ ಉಳದಿತ್ರೀ. ಅಂವಗ ಭಾಳ ಸೇರತೈತಿ."

ಕರಿಯಾನ ವಸಡು ಮತ್ತೆ ಗುಲಾಬಿಯಾಗಲು ಮೂರು ವಾರ ಹಿಡಿಯಿತು.